ನೂರ ನಲುವತ್ತು ಕೋಲು

ಫಾರಂ ತುಂಬಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಹುಡುಕಿ ತೆಗೆದು ನನ್ನ ಕಡೆ ಬೊಟ್ಟು ಮಾಡುವುದು ಬೇಡ.

ನನ್ನ ಹೆಸರು ಪ್ರೀತಿಕಾ. ಈಶ್ವರಮಂಗಲದಿಂದ ಕೇರಳದ ಗಡಿಗೆ ಹೋಗುವ ದಾರಿಯಲ್ಲಿ ಕುಂಟಾಲಪದವು ಎಂಬ ಗುಡ್ಡ ಇದೆ. ಗುಡ್ಡದ ತಲೆಯಲ್ಲಿ ಮುಚ್ಚಿಹೋದ ಗೇರು ಎಸ್ಟೇಟು. ನಡುವಿನಲ್ಲಿ ರಾಮಪ್ರಸಾದರ ಮನೆ. ಬುಡದಲ್ಲಿ ನಮ್ಮ ಕಾಲನಿ, ಹದಿನೇಳು ಮನೆ. ಮೇಲಿನಿಂದ ಏನು ಇಳಿದರೂ ಕೊನೆಗೆ ನಮ್ಮ ಬಾಗಿಲಿಗೇ ಬರಬೇಕು.

ಎಸ್ಟೇಟಿನ ಗೇರು ಮರಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲ ಒಂದಿತ್ತು. ಊರಿನವರು ಅದಕ್ಕೆ ಮದ್ದು ಎನ್ನುತ್ತಾರೆ. ಗಲಾಟೆ ಎದ್ದು ಸಿಂಪಡಣೆ ನಿಂತಿತು. ಉಳಿದ ಮದ್ದಿನ ಡ್ರಮ್ಮುಗಳನ್ನು ಎಸ್ಟೇಟಿನವರು ತಮ್ಮದೇ ಒಂದು ಬತ್ತಿದ ಬಾವಿಗೆ ಹಾಕಿಸಿ ಮಣ್ಣು ಮುಚ್ಚಿದರು. ಅದಾಗಿ ಇಪ್ಪತ್ತಮೂರು ವರ್ಷ. ಮಾಲೀಕರು ಎಸ್ಟೇಟು ಬಿಟ್ಟು ಎಲ್ಲಿಗೋ ಹೋದರು. ಬಾವಿ ಎಲ್ಲಿಗೂ ಹೋಗಲಿಲ್ಲ.

ನನ್ನ ತಮ್ಮ ಅವಿನ್‌ಗೆ ಹತ್ತೊಂಬತ್ತು ವರ್ಷ. ಅವನು ಈವರೆಗೆ ಕೂತಿಲ್ಲ, ನಿಂತಿಲ್ಲ, ಒಂದು ಮಾತು ಆಡಿಲ್ಲ. ಚಾಪೆಯ ಮೇಲೆ ಮಲಗಿರುತ್ತಾನೆ. ಅಮ್ಮ, ಅವಳ ಹೆಸರು ಬಾಗಿ, ಅವನನ್ನು ದಿನಕ್ಕೆ ಹತ್ತು ಸಲ ಎತ್ತುತ್ತಾಳೆ. ಮೈ ಒರೆಸಬೇಕು, ಮಗ್ಗುಲು ಬದಲಿಸಬೇಕು, ಗಂಜಿ ಬಾಯಿಗೆ ಬಿಡಬೇಕು. ಅಮ್ಮನ ಬೆನ್ನು ಈಗ ನೇರ ಆಗುವುದಿಲ್ಲ. ವಿಷಪೀಡಿತರ ಪಟ್ಟಿಯಲ್ಲಿ ಅವಿನ್‌ನ ಹೆಸರಿಲ್ಲ. ಕೇಳಲು ಹೋದರೆ ಮೇಜಿನ ಮೇಲೊಂದು ನಕ್ಷೆ ಬಿಡಿಸಿ ತೋರಿಸುತ್ತಾರೆ. ಅದರಲ್ಲೊಂದು ಕೆಂಪು ಗೆರೆ. ನಮ್ಮ ಕಾಲನಿ ಗೆರೆಯ ಹೊರಗೆ.

ಈ ವರ್ಷ ಬಾವಿಯ ವಿಷ ಎಲ್ಲಿಯವರೆಗೆ ಹರಡಿದೆ ಎಂದು ನೋಡಲು ಒಂದು ಸಮಿತಿ ಬಂತು. ನಮ್ಮ ಕುಡಿಯುವ ನೀರಿಗೆ ಬಂದಿದೆ ಎಂದು ವರದಿ ಹೇಳಿದರೆ ಕೆಂಪು ಗೆರೆ ನಮ್ಮನ್ನು ದಾಟುತ್ತದೆ. ಬೇರೆ ನೀರು ಕೊಡಬೇಕಾಗುತ್ತದೆ. ಅವಿನ್ ಪಟ್ಟಿಗೆ ಸೇರುತ್ತಾನೆ. ಬಂದಿಲ್ಲ ಎಂದರೆ ಕಡತ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ.

ಇಪ್ಪತ್ತಮೂರು ವರ್ಷ ಇಲ್ಲದ ಕಾಳಜಿ ಈಗ ಯಾಕೆ ಎಂದು ನನಗೆ ಮೊದಲ ದಿನವೇ ಸಂಶಯ.

ಸಮಿತಿಯ ಪರವಾಗಿ ಬಂದವರು ಅಭಿರಾಮ್. ವಯಸ್ಸು ನಲುವತ್ತರ ಒಳಗೆ. ಮಾತು ಮೆತ್ತಗೆ. ಅವರು ಸಮುದ್ರದ ಬಗ್ಗೆ ಓದಿದವರು. ಹಿಂದೆ ಮಹಾಯುದ್ಧ ಮುಗಿದ ಮೇಲೆ ಸೈನ್ಯಗಳು ಬೇಡವಾದ ಬಾಂಬುಗಳನ್ನು ಹಡಗುಗಟ್ಟಲೆ ತಂದು ಸಮುದ್ರಕ್ಕೆ ಸುರಿದವಂತೆ. ಬಾಂಬಿನ ಕಬ್ಬಿಣ ತುಕ್ಕು ಹಿಡಿದು, ಒಳಗಿನ ರಾಸಾಯನಿಕ ಉಪ್ಪುನೀರಿಗೆ ಸೇರುತ್ತದೆ. ಅದು ಯಾವ ದಿಕ್ಕಿಗೆ, ಎಷ್ಟು ವರ್ಷಕ್ಕೆ, ಎಷ್ಟು ದೂರ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಅವರ ವಿದ್ಯೆ.

"ಅದೇ ಲೆಕ್ಕ, ಪ್ರೀತಿಕಾ. ಅಲ್ಲಿ ಬಾಂಬು, ಇಲ್ಲಿ ಡ್ರಮ್ಮು. ಅಲ್ಲಿ ಸಮುದ್ರ, ಇಲ್ಲಿ ಗುಡ್ಡದ ಒಳಗಿನ ನೀರು" ಎಂದರು.

ನಾನು ಸುಳ್ಯದಲ್ಲಿ ಲ್ಯಾಬ್ ಟೆಕ್ನೀಷಿಯನ್ ಕಲಿತವಳು. ಕೆಲಸ ಸಿಕ್ಕಿರಲಿಲ್ಲ. ಅಭಿರಾಮ್ ದಿನಗೂಲಿಗೆ ನನ್ನನ್ನು ಸೇರಿಸಿಕೊಂಡರು. ಬಾಟಲಿ ಹೊರುವುದು, ಚೀಟಿ ಅಂಟಿಸುವುದು, ಮನೆಮನೆಗೆ ಹೋಗಿ ಫಾರಂ ತುಂಬುವುದು. ಕಾಲನಿಯವರು ನನ್ನನ್ನು ಓರೆಗಣ್ಣಿನಿಂದ ನೋಡತೊಡಗಿದರು. "ಅವರ ಬಾಟಲಿ ಹೊರುವವಳು" ಎಂದು ಬೆನ್ನ ಹಿಂದೆ ಹೇಳಿದರು. ಹೇಳಲಿ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕಾದರೆ ಒಳಗೇ ಇರಬೇಕು.

ಫಾರಮ್ಮಿನಲ್ಲಿ ಒಂದು ಪ್ರಶ್ನೆ. ಕುಡಿಯುವ ನೀರಿನ ಮೂಲ: ಬಾವಿ, ಬೋರ್‌ವೆಲ್, ನಳ್ಳಿ, ಟ್ಯಾಂಕರ್. ನಮ್ಮ ಹದಿನೇಳು ಮನೆಗೂ ನಾನು ನಳ್ಳಿಗೆ ಗುರುತು ಹಾಕಿದೆ. ಸುಳ್ಳಲ್ಲ. ಕಾಲನಿಯ ನಡುವೆ ಒಂದು ನಳ್ಳಿ ಇದೆ. ರಾಮಪ್ರಸಾದರ ಕಾಂಪೌಂಡಿನ ಗೋಡೆಯಲ್ಲೊಂದು ತೂತು. ಅದರಿಂದ ಕಪ್ಪು ಪೈಪು ಹೊರಬಂದು ಇಳಿಜಾರಿನಲ್ಲಿ ನಮ್ಮ ನಳ್ಳಿಗೆ ಸೇರುತ್ತದೆ.

"ನಳ್ಳಿಗೆ ನೀರು ಎಲ್ಲಿಂದ?" ಎಂದು ಅಭಿರಾಮ್ ಕೇಳಿದರು.

"ರಾಮಪ್ರಸಾದರು ಬಿಡುದು ಸರ್."

ಅವರು 'ರಾಮಪ್ರಸಾದರ ಬೋರ್‌ವೆಲ್' ಎಂದು ಬರೆದುಕೊಂಡರು. ನಾನು ನೋಡಿದೆ. ತಿದ್ದಲಿಲ್ಲ. ತಿದ್ದಲು ನನಗೂ ಗೊತ್ತಿರಲಿಲ್ಲ. ಪೈಪು ಗೋಡೆಯ ಆಚೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ನೋಡಿದವರಲ್ಲ. ಆ ಮನೆಯ ಅಂಗಳದ ಅಂಚು ನಮ್ಮ ಗಡಿ. ಕೆಲಸಕ್ಕೆ ಹೋದರೂ ಅಷ್ಟೇ. ಹಿತ್ತಿಲಿಗೆ ಕಾಲಿಡುವಂತಿಲ್ಲ.

ಆ ಪೈಪು ಬಂದ ದಿನ ನನಗೆ ಎಂಟು ವರ್ಷ. ಚೆನ್ನಾಗಿ ನೆನಪಿದೆ. ಅದಕ್ಕೆ ಮೊದಲು ಅಮ್ಮ ಕೆಳಗಿನ ತೋಡಿನಿಂದ, ಆ ಸಣ್ಣ ಹೊಳೆಯಿಂದ, ನೀರು ಹೊರುತ್ತಿದ್ದಳು. ತಲೆಯಲ್ಲೊಂದು ಕೊಡಪಾನ, ಸೊಂಟದಲ್ಲೊಂದು. ಬೇಸಿಗೆಯಲ್ಲಿ ದಿನಕ್ಕೆ ಆರು ಸಲ. ರಾಮಪ್ರಸಾದರು ನಳ್ಳಿ ತಿರುಗಿಸಿದರು. ನೀರು ಬಂತು. ಪೇಪರಿನವರು ಫೋಟೋ ತೆಗೆದರು. ನಾವೆಲ್ಲ ಸಾಲಾಗಿ ನಿಂತು ಕೈಮುಗಿದೆವು. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತಾರೆ. ನಾವು ನೋಡಲಿಲ್ಲ. ಎರಡು ವರ್ಷದ ನಂತರ ಅವಿನ್ ಹುಟ್ಟಿದ.

ಮಾರ್ಚಿನಲ್ಲಿ ಒಂದು ದಿನ ರಾಮಪ್ರಸಾದರ ಮನೆಯ ನೀರು ತೆಗೆಯಲು ಹೋದೆವು. ಮೂಲದ ನೀರು ತೆಗೆದರೆ ಸಾಕು, ನಳ್ಳಿಯದು ಬೇಡ ಎಂದು ಅಭಿರಾಮ್ ಹೇಳಿದ್ದರು. ಅಭಿರಾಮ್ ಇಳಿದುಕೊಂಡದ್ದೂ ಆ ಮನೆಯಲ್ಲೇ. ಊಟ, ತಿಂಡಿ, ನಿದ್ದೆ ಎಲ್ಲ ಅಲ್ಲೇ. ಯಾರ ನೀರನ್ನು ಪರೀಕ್ಷೆ ಮಾಡಬೇಕೋ ಅವರ ಮನೆಯಲ್ಲೇ ಉಂಡು ಮಲಗುವವರ ಲೆಕ್ಕವನ್ನು ನಾನು ಹೇಗೆ ನಂಬಲಿ?

ಬಾಟಲಿಯ ಪೆಟ್ಟಿಗೆ ನನ್ನ ತಲೆಯ ಮೇಲಿತ್ತು. ಅದು ತಲೆಯ ಮೇಲಿದ್ದದ್ದರಿಂದ ನನ್ನನ್ನು ಹಿತ್ತಿಲಿಗೆ ಬಿಟ್ಟರು. ಜೀವನದಲ್ಲಿ ಮೊದಲ ಸಲ. ಬೋರ್‌ವೆಲ್ ಮನೆಯ ಬಲಕ್ಕಿತ್ತು, ಬುಡದಲ್ಲೊಂದು ನಳ್ಳಿ. ಅದರಿಂದ ಬಿಳಿ ಪೈಪು ಹೊರಟು ತಾರಸಿಯ ಟ್ಯಾಂಕಿಗೆ ಹೋಗಿತ್ತು. ಬೇರೆ ಪೈಪು ಅದಕ್ಕೆ ಇರಲಿಲ್ಲ. ನಮ್ಮ ಕಪ್ಪು ಪೈಪು ಎಡಗಡೆ ಗೋಡೆಯ ಬದಿಯಲ್ಲಿ ಹರಿದು, ಗುಡ್ಡದ ಕಡೆಗೆ ಹೋಗಿ, ಪೊದೆಯೊಳಗೆ ಕಾಣದಾಯಿತು.

"ಆ ಕಪ್ಪು ಪೈಪು ಎಲ್ಲಿಂದ ಬರುದು?" ಎಂದು ಕೇಳಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಾಮಪ್ರಸಾದರು ಹೆಗಲ ಮೇಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು.

"ನಿನಗೆ ಬಾಟಲಿ ಹೊರುವ ಕೆಲಸ ಅಲ್ಲವಾ? ಅದು ಮಾಡು" ಎಂದು ನನಗೆ ಹೇಳಿ, ಅಭಿರಾಮ್ ಕಡೆ ತಿರುಗಿ ನಕ್ಕರು. "ಹಳೇ ಪೈಪು ಮಾರಾಯ್ರೆ. ಮೊದಲು ಇಲ್ಲೊಂದು ಸುರಂಗ ಇತ್ತು. ಅದು ಕುಸಿದು ಹೋಗಿ ಎಷ್ಟೋ ವರ್ಷ ಆಯ್ತು. ಬನ್ನಿ, ಕಾಫಿ ಕುಡಿಯುವ."

ಅಭಿರಾಮ್ ಒಳಗೆ ಹೋದರು. ಅವರಿಗೆ ಸ್ಟೀಲಿನ ಲೋಟ. ನನಗೆ ಅಂಗಳದ ಮೂಲೆಯಲ್ಲಿ ಕಾಗದದ ಲೋಟ. ಹಿಂದೆ ನನ್ನ ಅಜ್ಜನಿಗೆ ತೆಂಗಿನ ಗೆರಟೆಯಲ್ಲಿ ಕೊಡುತ್ತಿದ್ದರು. ಗೆರಟೆಯನ್ನಾದರೂ ತೊಳೆದು ಮತ್ತೆ ಉಪಯೋಗಿಸುತ್ತಿದ್ದರು. ಕಾಗದದ ಲೋಟವನ್ನು ನಾನೇ ಮುದ್ದೆ ಮಾಡಿ ಗೋಡೆಯಾಚೆ ಎಸೆಯಬೇಕಿತ್ತು.

ಸುರಂಗ ಎಂದರೆ ನಮ್ಮ ಕಡೆಯವರಿಗೆ ಗೊತ್ತು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಮುರಕಲ್ಲು ಕೊರೆದು, ಒಳಗಿನ ಒರತೆ ಸಿಗುವವರೆಗೆ ತೋಡುವ ಮಾಟೆ. ಪಂಪು ಬೇಡ, ಹಗ್ಗ ಬೇಡ, ನೀರು ತಾನಾಗಿ ಹರಿದು ಬಾಯಿಗೆ ಬರುತ್ತದೆ. ನನ್ನ ಅಪ್ಪ ಅಂಗಾರ ನಲುವತ್ತು ವರ್ಷ ಸುರಂಗ ತೋಡಿದವನು. ಈಶ್ವರಮಂಗಲದಿಂದ ಪಂಜದವರೆಗೆ ಅಪ್ಪ ಹೊಕ್ಕು ಬಾರದ ಗುಡ್ಡ ಕಡಿಮೆ. ಆದರೆ ಯಾರ ಮನೆಯ ಸುರಂಗ ಎಷ್ಟು ಉದ್ದ, ಯಾವ ದಿಕ್ಕಿಗೆ ಎಂದು ಅಪ್ಪ ಬಾಯಿ ಬಿಟ್ಟದ್ದಿಲ್ಲ. ಅದು ತೋಡುವವರ ಕಟ್ಟುಪಾಡು. ಕೆಲಸ ಶುರು ಮಾಡುವಾಗ ಯಜಮಾನ ವೀಳ್ಯ ಕೊಡುತ್ತಾನೆ. ತೋಡುವವನು ಅದನ್ನು ಹಿಡಿದು ಮಾತು ಕೊಡುತ್ತಾನೆ. ಉದ್ದ ಹೊರಗೆ ಗೊತ್ತಾದರೆ ಪಕ್ಕದವನು ಅಡ್ಡ ತೋಡಿ ಒರತೆ ಕದಿಯುತ್ತಾನೆ. ಅದಕ್ಕೇ ಸುರಂಗ ಯಾವ ಕಾಗದದಲ್ಲೂ ಇರುವುದಿಲ್ಲ. ಗುಡ್ಡಕ್ಕೆ ಮತ್ತು ತೋಡಿದವನಿಗೆ ಮಾತ್ರ ಗೊತ್ತು.

ಸಂಜೆ ಅಪ್ಪನನ್ನು ಕೇಳಿದೆ.

"ಅಪ್ಪ, ರಾಮಪ್ರಸಾದರ ಸುರಂಗ ತೋಡಿದ್ದು ನೀನಾ?"

"ಇದ್ದೀತು."

"ಕುಸಿದಿದೆಯಂತೆ?"

ಅಪ್ಪ ಬೀಡಿ ನೆಲಕ್ಕೆ ಒತ್ತಿ ಎದ್ದ. "ಅದು ನಿನಗೆ ಎಂತಕ್ಕೆ ಮಗಾ?" ಎಂದು ಹೊರಗೆ ಹೋದ. ನನ್ನ ಮುಖ ನೋಡಲಿಲ್ಲ. ಆ ದಿನದಿಂದ ನನಗೆ ಅಪ್ಪನ ಮೇಲೂ ಸಂಶಯ ಬಂತು. ಹೆತ್ತ ಅಪ್ಪನನ್ನು ಹಾಗೆ ನೋಡುವುದು ಕಷ್ಟ. ಆದರೂ ನೋಡಿದೆ.

ವಾರ ಕಳೆದು ಅಭಿರಾಮ್ ಕಾಲನಿಗೆ ಲ್ಯಾಪ್‌ಟಾಪ್ ತಂದರು. ಕಾಲನಿಯ ದಾರಿಯಲ್ಲಿರುವ ಹಕೀಮನ ಚಹಾ ಅಂಗಡಿಯ ಬೆಂಚಿನ ಮೇಲೆ ಇಟ್ಟು ಎಲ್ಲರನ್ನೂ ಕರೆದರು. ಪರದೆಯಲ್ಲಿ ನಮ್ಮ ಗುಡ್ಡ. ಗುಡ್ಡದ ತುಂಬ ಸಣ್ಣ ಸಣ್ಣ ಚೌಕ. ನಡುವೆ ಒಂದು ಕೆಂಪು ಚುಕ್ಕೆ, ಅದು ವಿಷದ ಬಾವಿ. ಅಭಿರಾಮ್ ಒಂದು ಗುಂಡಿ ಒತ್ತಿದರು. ವರ್ಷಗಳು ಓಡತೊಡಗಿದವು. ಐದು, ಹತ್ತು, ಇಪ್ಪತ್ತು. ಕೆಂಪು ಚುಕ್ಕೆ ಚೂರು ಊದಿತು. ಅಲ್ಲೇ ನಿಂತಿತು.

"ಈ ಮದ್ದು ನೀರಿನಲ್ಲಿ ಸುಲಭಕ್ಕೆ ಕರಗುದಿಲ್ಲ. ಮಣ್ಣಿಗೆ ಅಂಟಿಕೊಳ್ತದೆ. ಮಣ್ಣಿನ ಮೂಲಕ ನಿಮ್ಮ ಕಾಲನಿಗೆ ಬರಲು ನಾನೂರು ವರ್ಷ ಬೇಕು" ಎಂದರು.

ಹಕೀಮ ಚಹಾ ಸೋಸುತ್ತ ಹೇಳಿದ, "ಹಾಗಾದರೆ ಹೆದರಿಕೆ ಇಲ್ಲ ಸರ್. ಅಷ್ಟರಲ್ಲಿ ನನ್ನ ಅಂಗಡಿ ಸಾಲ ತೀರ್ತದೆ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಬಗ್ಗಿ ಪರದೆಯನ್ನೇ ನೋಡುತ್ತಿದ್ದ.

"ಇದರಲ್ಲಿ ಗುಡ್ಡ ಪೂರ್ತಿ ಗಟ್ಟಿ ಉಂಟಾ?" ಎಂದು ಕೇಳಿದ.

"ಹೌದು. ಮುರಕಲ್ಲು, ಅದರ ಕೆಳಗೆ ಜೇಡಿ."

"ಎಲ್ಲಿಯೂ ತೂತು ಇಲ್ಲ?"

"ಇಲ್ಲ. ಯಾಕೆ ಅಂಗಾರಣ್ಣ?"

ಅಪ್ಪನ ಬೆರಳುಗಳು ಮಡಚಿ ಬಿಡಿಸಿ ಏನನ್ನೋ ಎಣಿಸುತ್ತಿದ್ದವು. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡ. "ಎಂತ ಇಲ್ಲ. ಸುಮ್ಮನೆ ಕೇಳಿದ್ದು" ಎಂದ. ಚಹಾ ಅರ್ಧಕ್ಕೆ ಬಿಟ್ಟು ಹೋದ. ಆ ರಾತ್ರಿ ಉಣ್ಣಲಿಲ್ಲ. ಮರುದಿನವೂ ಸರಿಯಾಗಿ ಉಣ್ಣಲಿಲ್ಲ. ಅವಿನ್‌ನ ಚಾಪೆಯ ಹತ್ತಿರ ಕೂತು ಅವನ ಕಾಲು ಉಜ್ಜುತ್ತಿದ್ದ.

ಏಪ್ರಿಲ್ ಹತ್ತಕ್ಕೆ ಪಂಚಾಯತಿನ ಹಾಲಿನಲ್ಲಿ ವರದಿ ಓದುವ ಸಭೆ. ಮುಂದಿನ ಸಾಲಿನಲ್ಲಿ ಕುರ್ಚಿ. ನಾವು ಹಿಂದಿನ ಬೆಂಚು. ಅವಿನ್‌ನನ್ನು ನೆರೆಮನೆಯಲ್ಲಿ ಬಿಟ್ಟು ಅಮ್ಮನೂ ಬಂದಿದ್ದಳು. ಅಮ್ಮ ಇಂಥ ಸಭೆಗೆ ಬಂದದ್ದು ಅದೇ ಮೊದಲು.

ಅಭಿರಾಮ್ ಮೈಕು ಹಿಡಿದು ಓದಿದರು. ನಲುವತ್ತು ಕಡೆಯ ನೀರು ಪರೀಕ್ಷೆ ಆಗಿದೆ. ಕಾಲನಿಯ ಮೂಲವಾದ ಬೋರ್‌ವೆಲ್ಲಿನ ನೀರು ಶುದ್ಧ. ಲೆಕ್ಕದ ಪ್ರಕಾರವೂ ವಿಷ ಆ ಕಡೆಗೆ ಬಂದಿಲ್ಲ. ಕಾಲನಿಯನ್ನು ವಲಯಕ್ಕೆ ಸೇರಿಸುವ ಅಗತ್ಯ ಇಲ್ಲ.

ಸಮಿತಿಯ ಅಧಿಕಾರಿ ತಲೆಯಾಡಿಸಿ ರಾಮಪ್ರಸಾದರನ್ನು ಎರಡು ಮಾತು ಆಡಲು ಕರೆದರು. ರಾಮಪ್ರಸಾದರು ಎದ್ದು ನಿಂತರು.

"ನಾನು ದೊಡ್ಡದು ಎಂತದೂ ಮಾಡಿಲ್ಲ. ಇಪ್ಪತ್ತೊಂದು ವರ್ಷದಿಂದ ನಮ್ಮ ಮನೆಯವರು ಕುಡಿಯುವ ನೀರನ್ನೇ ಅವರಿಗೂ ಕೊಟ್ಟಿದ್ದೇನೆ. ನಮ್ಮಲ್ಲಿ ಭೇದ ಇಲ್ಲ."

ಚಪ್ಪಾಳೆ ಬಿತ್ತು. ಆಮೇಲೆ ಕಾಗದ ಬಂತು. ಫಾರಂ ತುಂಬಿದವಳು ಎಂದು ನಾನು ಸಹಿ ಹಾಕಬೇಕು. ಕಾಲನಿಯ ಹಿರಿಯ ಎಂದು ಅಪ್ಪ ಹಾಕಬೇಕು. 'ನಮ್ಮ ನೀರಿನ ಮೂಲ ಬೋರ್‌ವೆಲ್ ಎಂದು ದೃಢೀಕರಿಸುತ್ತೇವೆ.' ಅಧಿಕಾರಿ ಪೆನ್ನು ಮುಂದೆ ಮಾಡಿದರು.

ನಾನು ಪೆನ್ನು ತೆಗೆದುಕೊಂಡೆ. ಹಿತ್ತಿಲಿನ ಎರಡು ಪೈಪು ಕಣ್ಣ ಮುಂದೆ ಬಂದವು. ಪೆನ್ನು ಮೇಜಿನ ಮೇಲೆ ಇಟ್ಟೆ.

"ನಾನು ಹಾಕುದಿಲ್ಲ."

"ಯಾಕೆ?"

"ಬೋರ್‌ವೆಲ್ಲಿನ ಪೈಪು ಬಿಳಿ. ನಮ್ಮ ಪೈಪು ಕಪ್ಪು. ಕಪ್ಪು ಪೈಪಿನ ಇನ್ನೊಂದು ತುದಿ ಎಲ್ಲಿ ಉಂಟು ಅಂತ ಯಾರಾದರೂ ನೋಡಿದ್ದೀರಾ? ಫಾರಂ ತುಂಬುವಾಗ ನಾನೂ ನೋಡಿಲ್ಲ. ನಾನು ತುಂಬಿದ್ದು ತಪ್ಪು. ತಪ್ಪಿಗೆ ಸಹಿ ಹಾಕುದಿಲ್ಲ."

"ನಿನಗೆ ದಿನಗೂಲಿ ಕೊಟ್ಟದ್ದು ಇದಕ್ಕಾ?" ಎಂದರು ರಾಮಪ್ರಸಾದರು. "ನೋಡಿ ಸರ್, ನಾಲ್ಕಕ್ಷರ ಕಲಿತರೆ ಹೀಗೇ."

ಅಧಿಕಾರಿ ಅಪ್ಪನ ಕಡೆ ತಿರುಗಿದರು. "ನೀನು ಹಾಕಪ್ಪ. ನೀನು ಹಿರಿಯ."

ಅಪ್ಪ ಎದ್ದ. ಮುಂದೆ ಬಂದ. ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದ. ಕಾಗದ ನೋಡಲಿಲ್ಲ. ರಾಮಪ್ರಸಾದರನ್ನು ನೋಡಿದ. ಅಷ್ಟು ನೇರವಾಗಿ ಅಪ್ಪ ಅವರನ್ನು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ನೂರ ನಲುವತ್ತು ಕೋಲು" ಎಂದ.

"ಅಂಗಾರ!" ರಾಮಪ್ರಸಾದರ ಕುರ್ಚಿ ಹಿಂದಕ್ಕೆ ಸರಿಯಿತು. "ಮಾತು ಕೊಟ್ಟಿದ್ದಿ. ವೀಳ್ಯ ಹಿಡಿದು ಮಾತು ಕೊಟ್ಟಿದ್ದಿ ನನ್ನ ಅಪ್ಪನಿಗೆ. ಉಂಡ ಮನೆಗೆ ಎರಡು ಬಗೆಯುದಾ?"

"ಉಂಡದ್ದು ಅಂಗಳದಲ್ಲಿ ಧನಿ. ಮನೆಯಲ್ಲಿ ಅಲ್ಲ."

ಅಪ್ಪ ಹೇಳತೊಡಗಿದ. ಮೈಕು ಬೇಕಾಗಲಿಲ್ಲ.

"ಎಂಬತ್ತಾರನೇ ಇಸವಿ. ನಾನು ಮತ್ತು ನನ್ನ ಅಣ್ಣ. ಎರಡು ಬೇಸಿಗೆ ತೋಡಿದ್ದು. ಕೂತುಕೊಂಡು ಪಿಕ್ಕಾಸು ಹಾಕುದು. ನಿಲ್ಲಲು ಜಾಗ ಇಲ್ಲ. ಮಣ್ಣು ಅಡಿಕೆ ಹಾಳೆಯಲ್ಲಿ ಹಾಕಿ ಎಳೆದು ತರುದು, ಮೊಣಕಾಲಲ್ಲಿ. ದೀಪ ನಂದಿದರೆ ಗಾಳಿ ಇಲ್ಲ ಅಂತ ಲೆಕ್ಕ. ಎರಡು ಸಲ ನಂದಿತು. ಎರಡನೇ ಸಲ ಅಣ್ಣನನ್ನು ಎಳೆದು ತಂದೆ. ಅವ ಮತ್ತೆ ಒಳಗೆ ಹೋಗಲಿಲ್ಲ. ನೂರು ಕೋಲಿಗೆ ಒರತೆ ಸಿಕ್ಕಿತು. ದೊಡ್ಡ ಧನಿ, ಇವರ ಅಪ್ಪ, ಸಾಕು ಅನ್ನಲಿಲ್ಲ. ಎಸ್ಟೇಟಿನ ಅಡಿಗೆ ಹೋಗು, ಅಲ್ಲಿ ನೀರು ಜಾಸ್ತಿ ಅಂದರು. ಹೋದೆ. ನೂರ ನಲುವತ್ತು ಕೋಲಿಗೆ ಹೋದಾಗ ಗೋಡೆಯ ಆಚೆ ಕೊಡಪಾನ ನೀರಿಗೆ ಬೀಳುವ ಸದ್ದು ಕೇಳಿತು. ಎಸ್ಟೇಟಿನ ಹೆಂಗಸರು ಬಾವಿಯಿಂದ ನೀರು ಸೇದುತ್ತಿದ್ದರು. ನಾನು ಅಲ್ಲಿಗೆ ನಿಲ್ಲಿಸಿದೆ. ಒಂದು ಆಳು ಮಲಗುವಷ್ಟು ದಪ್ಪ ಗೋಡೆ ಉಳಿದಿತ್ತು. ಮರುವರ್ಷ ಆ ಬಾವಿ ಬತ್ತಿತು. ನೀರು ಪೂರ್ತಿ ಈ ಕಡೆ ಬಂತು. ಬಾವಿ ಬತ್ತಿದ್ದು ನನ್ನ ಪಿಕ್ಕಾಸಿನಿಂದ."

ಕೋಲು ಎಂದರೆ ಎರಡೂವರೆ ಅಡಿ. ಮುನ್ನೂರೈವತ್ತು ಅಡಿ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಭಿರಾಮ್ ಕೂಡ ಹಾಕುತ್ತಿದ್ದರು.

"ಬತ್ತಿದ ಬಾವಿ ಅಂತ ಎಸ್ಟೇಟಿನವರು ಡ್ರಮ್ಮು ಅದಕ್ಕೇ ಹಾಕಿಸಿದರು. ಹೊತ್ತದ್ದು ನಾನೇ. ಇಪ್ಪತ್ತೆರಡು ಡ್ರಮ್ಮು. ಬಿದ್ದಾಗ ಕೆಲವು ಒಡೆದ ಸದ್ದು ಬಂತು. ನಾಲ್ಕು ದಿನ ನನಗೆ ವಾಂತಿ. ಗುಣ ಆದ ಮೇಲೆ ಈ ಧನಿಯ ಹತ್ತಿರ ಹೋಗಿ ಹೇಳಿದೆ. ಸುರಂಗದ ತಲೆ ಆ ಬಾವಿಯ ಬುಡದಲ್ಲಿ ಉಂಟು, ಜಾಗ್ರತೆ ಅಂತ. ಮೂರು ತಿಂಗಳಲ್ಲಿ ಅವರು ಬೋರ್‌ವೆಲ್ ತೆಗೆಸಿದರು. ಎರಡು ವರ್ಷ ಕಳೆದು ಸುರಂಗದ ನೀರನ್ನು ನಮಗೆ ದಾನ ಕೊಟ್ಟರು."

ಇನ್ನು ಮುಂದೆ ನಾನು ಆ ಮನುಷ್ಯನನ್ನು ರಾಮಪ್ರಸಾದ ಎಂದೇ ಬರೆಯುತ್ತೇನೆ. ಗೌರವ ಸಾಕು.

"ನಿನಗೆ ಗೊತ್ತಿತ್ತಾ?" ಅಮ್ಮ ಹಿಂದಿನ ಬೆಂಚಿನಿಂದ ಕೇಳಿದಳು. ಎದ್ದು ನಿಂತಿದ್ದಳು. "ಕೊಡುವಾಗ ನಿನಗೆ ಗೊತ್ತಿತ್ತಾ?"

ಅಪ್ಪ ತಿರುಗಲಿಲ್ಲ.

"ಸಂಶಯ ಇತ್ತು ಬಾಗಿ. ಧನಿಯನ್ನು ಕೇಳಿದೆ. ಎರಡು ಮಳೆಗಾಲಕ್ಕೆ ಎಲ್ಲ ತೊಳೆದು ಹೋಗಿದೆ ಅಂದರು. ನೀನು ದಿನಕ್ಕೆ ಆರು ಸಲ ಹೊರ್ತಿದ್ದಿ. ನಂಬಿದೆ. ನಂಬುದು ಸುಲಭ ಇತ್ತು."

"ನಾನು ಹೊರ್ತಿದ್ದೆ" ಎಂದಳು ಅಮ್ಮ. "ಇನ್ನೂ ಹೊರ್ತಿದ್ದೆ. ಸಾಯುವವರೆಗೆ ಹೊರ್ತಿದ್ದೆ."

ಅಪ್ಪನ ಭುಜ ಕುಸಿಯಿತು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಯ್ಯೋ ಅನಿಸಿತು. ಎರಡೂ ಇನ್ನೂ ಇವೆ.

ಅಧಿಕಾರಿ ಕೆಮ್ಮಿದರು. "ಬಾಯಿಮಾತು ಸಾಕಾಗುದಿಲ್ಲ. ದಾಖಲೆ ಎಂತ ಉಂಟು?"

ಅಪ್ಪ ಲುಂಗಿ ಎತ್ತಿ ಮೊಣಕಾಲು ತೋರಿಸಿದ. ಎರಡೂ ಮೊಣಕಾಲಿನಲ್ಲಿ ಚರ್ಮ ಕಪ್ಪಗೆ, ದಪ್ಪಗೆ, ಒಡೆದು ಹೋಗಿತ್ತು. "ಇದು ಸಾಲದಿದ್ದರೆ ಈಗಲೇ ಬನ್ನಿ. ಒಳಗೆ ಹೋಗುವ" ಎಂದ.

ಅಭಿರಾಮ್ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಸುರಂಗ ಇದ್ದರೆ ನನ್ನ ಲೆಕ್ಕ ಪೂರ್ತಿ ತಪ್ಪು ಪ್ರೀತಿಕಾ. ಆ ಒಂದು ಗೋಡೆ ಬಿಟ್ಟರೆ ನೀರು ಮಣ್ಣನ್ನು ಮುಟ್ಟುದೇ ಇಲ್ಲ. ನಾನೂರು ವರ್ಷ ಅಲ್ಲ, ಒಂದೇ ಮಳೆ ಸಾಕು."

ಶುದ್ಧ ಎಂದು ಮೈಕಿನಲ್ಲಿ ಹೇಳಿದ್ದರು. ತಪ್ಪು ಎಂದು ಕಿವಿಯಲ್ಲಿ ಹೇಳಿದರು.

"ಸಮುದ್ರದಲ್ಲಿ ಇಂಥದ್ದು ಇರುದಿಲ್ಲ..." ಎಂದು ಮತ್ತೆ ತೊದಲಿದರು. ಅದು ಅಪ್ಪನಿಗೆ ಕೇ‍ಳಿಸಿತು.

"ಸಮುದ್ರದ ಅಡಿಯಲ್ಲಿ ನಮ್ಮಂಥವರು ತೋಡ್ಲಿಕ್ಕೆ ಹೋಗುದಿಲ್ಲ ಸರ್. ಗುಡ್ಡದ ಲೆಕ್ಕ ಬೇಕಾದರೆ ತೋಡಿದವನನ್ನು ಕೇಳಬೇಕು. ನೀವು ಎಲ್ಲರನ್ನೂ ಕೇಳಿದ್ರಿ. ನನ್ನನ್ನು ಕೇಳಲಿಲ್ಲ."

ಆ ಮಧ್ಯಾಹ್ನವೇ ಎಲ್ಲರೂ ಹೋದೆವು. ಅಧಿಕಾರಿ ಜೊತೆಗಿದ್ದ ಕಾರಣ ರಾಮಪ್ರಸಾದನಿಗೆ ಗೇಟು ಹಾಕಲು ಆಗಲಿಲ್ಲ. ಪೊದೆ ಸರಿಸಿದಾಗ ಸುರಂಗದ ಬಾಯಿ ಕಂಡಿತು. ಕುಸಿದಿರಲಿಲ್ಲ. ಕಲ್ಲು ಕಟ್ಟಿ, ಕಬ್ಬಿಣದ ಜಾಲರಿ ಹಾಕಿ, ಅಚ್ಚುಕಟ್ಟಾಗಿ ಇಟ್ಟಿದ್ದ. ಜಾಲರಿಯ ಕೆಳಗಿನಿಂದ ಕಪ್ಪು ಪೈಪು ಹೊರಟಿತ್ತು.

ಅಭಿರಾಮ್ ಹತ್ತು ಕೋಲು ಬಂದರು. ಉಸಿರು ಕಟ್ಟುತ್ತದೆ ಎಂದು ಹಿಂದೆ ಹೋದರು. ಅಪ್ಪ ಮುಂದೆ, ನಾನು ಹಿಂದೆ. ಮೊದಲು ಬಗ್ಗಿ, ಆಮೇಲೆ ಮೊಣಕಾಲಲ್ಲಿ. ನೀರು ಮೊಣಕೈ ತನಕ, ತಣ್ಣಗೆ. ಗೋಡೆಯಲ್ಲಿ ಪಿಕ್ಕಾಸಿನ ಗುರುತು ಹಾಗೆಯೇ ಇತ್ತು. ಅಪ್ಪ ಅದರ ಮೇಲೆ ಕೈಯಾಡಿಸುತ್ತ ಹೋದ.

"ಸುರಂಗದಲ್ಲಿ ಬಾವಲಿ ಇರ್ತದೆ. ಕಪ್ಪೆ ಇರ್ತದೆ. ಇಲ್ಲಿ ಒಂದಾದರೂ ಕಾಣ್ತದಾ ನಿನಗೆ?" ಎಂದು ಕೇಳಿದ.

ಟಾರ್ಚು ಎಲ್ಲ ಕಡೆ ಬಿಟ್ಟೆ. ಒಂದೂ ಇರಲಿಲ್ಲ. ಕೊನೆಯ ಗೋಡೆಯ ಹತ್ತಿರ ಕಲ್ಲಿನಿಂದ ನೀರು ಜಿನುಗುತ್ತಿತ್ತು. ವಾಸನೆ ನನಗೆ ಹೊಸದಲ್ಲ. ಸಣ್ಣದಿರುವಾಗ ಹೆಲಿಕಾಪ್ಟರು ಹೋದ ಮೇಲೆ ಬಟ್ಟೆಯಲ್ಲಿ ಉಳಿಯುತ್ತಿದ್ದ ವಾಸನೆ. ಎರಡು ಬಾಟಲಿ ತುಂಬಿಸಿದೆ. ಒಂದಕ್ಕೆ ನಲುವತ್ತೊಂದು ಎಂದು ಚೀಟಿ ಅಂಟಿಸಿದೆ. ಇನ್ನೊಂದನ್ನು ಚೀಟಿ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿದೆ. ಹೊರಬಂದು ಒಂದನ್ನು ಎಲ್ಲರೆದುರು ಅಭಿರಾಮ್‌ಗೆ ಕೊಟ್ಟೆ. ಇನ್ನೊಂದು ಹಕೀಮನ ಅಂಗಡಿಯ ಐಸ್‌ಕ್ರೀಂ ಫ್ರಿಜ್ಜಿನ ಒಳಗೆ, ತಳದಲ್ಲಿದೆ. ಹಕೀಮ ಯಾಕೆ ಎಂದು ಕೇಳಲಿಲ್ಲ. ಅವನಿಗೂ ನನ್ನಷ್ಟೇ ಸಂಶಯ.

"ಫಲಿತಾಂಶಕ್ಕೆ ಮೂರು ವಾರ ಬೇಕು. ಅಲ್ಲಿಯವರೆಗೆ ಕುದಿಸಿ ಕುಡಿಯಿರಿ" ಎಂದರು ಅಧಿಕಾರಿ.

"ಕುದಿಸಿದರೆ ಮದ್ದು ಹೋಗ್ತದಾ?" ಎಂದು ಅಮ್ಮ ಕೇಳಿದಳು.

ಅಭಿರಾಮ್ ನೆಲ ನೋಡಿದರು.

"ಮತ್ತೆ ಯಾವ ನೀರು ಶುದ್ಧ? ನೀವು ನಲುವತ್ತು ಕಡೆ ಪರೀಕ್ಷೆ ಮಾಡಿದವರು. ನೀವೇ ಹೇಳಿ."

"ವರದಿ ಪ್ರಕಾರ... ಇವರ ಬೋರ್‌ವೆಲ್" ಎಂದರು ಅಭಿರಾಮ್.

ಅಮ್ಮ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಎದ್ದಾಗ ಅಮ್ಮ ಅಟ್ಟದಿಂದ ಹಳೆಯ ಎರಡು ಕೊಡಪಾನ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಅಪ್ಪ ಕತ್ತಿ ತೆಗೆದುಕೊಂಡು ಹೋಗಿ ಕಪ್ಪು ಪೈಪನ್ನು ನಳ್ಳಿಯ ಹತ್ತಿರವೇ ಕಡಿದ. ನೀರು ಚರಂಡಿಗೆ ಹರಿಯಿತು. ಹದಿನೇಳು ಮನೆಯ ಹೆಂಗಸರು ಹೊರಟರು. ಅಮ್ಮ ಎಲ್ಲರಿಗಿಂತ ಮುಂದೆ, ಬಗ್ಗಿದ ಬೆನ್ನಿನಲ್ಲೇ.

ಗೇಟು ತೆರೆದಿತ್ತು. ಅಂಗಳ ಬಂತು. ಅಂಗಳದ ಅಂಚಿನಲ್ಲಿ ಎಲ್ಲರ ಕಾಲು ಒಂದು ಕ್ಷಣ ನಿಂತಿತು. ಅಭ್ಯಾಸ. ಅಮ್ಮ ನಿಲ್ಲಲಿಲ್ಲ. ಅಂಗಳ ದಾಟಿ, ತುಳಸಿಕಟ್ಟೆ ದಾಟಿ, ಮನೆಯ ಬಲಕ್ಕೆ ತಿರುಗಿ, ಬೋರ್‌ವೆಲ್ಲಿನ ನಳ್ಳಿಯ ಕೆಳಗೆ ಕೊಡಪಾನ ಇಟ್ಟಳು.

ರಾಮಪ್ರಸಾದ ಓಡಿ ಬಂದ.

"ಬಾಗೀ, ಎಂತದು ಇದು? ಮನೆಯ ಒಳಗೆ ನುಗ್ಗುದಾ?"

"ನೀರಿಗೆ ಬಂದದ್ದು."

"ಹೊರಗೆ ಇರು. ಎರಡು ದಿನ ಕೊಡು. ಇದೇ ನೀರನ್ನು ಹೊರಗೆ ಪೈಪು ಹಾಕಿ ಬಿಡ್ತೇನೆ."

"ಪೈಪು ಸಾಕಾಯ್ತು. ಗೋಡೆಯ ಹೊರಗೆ ನಿಂತರೆ ಒಳಗೆ ಎಲ್ಲಿಂದ ಬರ್ತದೆ ಅಂತ ಕಾಣುದಿಲ್ಲ. ಇಲ್ಲಿಂದಲೇ ತುಂಬಿಸ್ತೇವೆ. ಕಣ್ಣಿಗೆ ಕಂಡು, ನೀವು ಕುಡಿಯುವಲ್ಲಿಂದಲೇ."

"ಪೊಲೀಸರನ್ನು ಕರೀತೇನೆ."

"ಕರೀರಿ" ಎಂದೆ ನಾನು. "ವರದಿಯ ಪ್ರತಿ ನನ್ನ ಹತ್ತಿರ ಉಂಟು. ಕಾಲನಿಯ ಕುಡಿಯುವ ನೀರಿನ ಮೂಲ ನಿಮ್ಮ ಬೋರ್‌ವೆಲ್ ಅಂತ ಬರೆದದ್ದು ಉಂಟು. ನಿನ್ನೆ ಅದಕ್ಕೆ ಚಪ್ಪಾಳೆ ಗಿಟ್ಟಿಸಿದವರು ನೀವೇ."

ಅಭಿರಾಮ್ ಜಗಲಿಯಲ್ಲಿ ಸ್ಟೀಲಿನ ಲೋಟ ಹಿಡಿದು ನಿಂತಿದ್ದರು. ಲೋಟ ಕೆಳಗಿಡಲಿಲ್ಲ.

ಇದಾಗಿ ಆರು ವಾರ ಆಯಿತು. ನಲುವತ್ತೊಂದನೇ ಬಾಟಲಿಯ ಫಲಿತಾಂಶ ಬಂದಿಲ್ಲ. ಕೇಳಿದರೆ ಯಂತ್ರ ಕೆಟ್ಟಿದೆ ಎನ್ನುತ್ತಾರೆ, ಬಾಟಲಿ ಸರಿಯಾಗಿ ಮುಚ್ಚಿರಲಿಲ್ಲ ಎನ್ನುತ್ತಾರೆ. ಮುಚ್ಚಿದ್ದು ನಾನು. ನನ್ನ ಹತ್ತಿರ ಇನ್ನೊಂದು ಇದೆ ಎಂದು ಅವರಿಗೆ ಗೊತ್ತಿಲ್ಲ. ಅದನ್ನು ಯಾರ ಕೈಗೆ ಕೊಡುವುದು ಎಂದು ನೋಡುತ್ತಿದ್ದೇನೆ. ಇನ್ನೂ ಯಾರನ್ನೂ ನಂಬಿಲ್ಲ.

ಆದರೆ ಆ ಬೆಳಿಗ್ಗೆ ಅಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಬಗ್ಗಿ ನಳ್ಳಿ ತಿರುಗಿಸಿದಳು. ನೀರು ಕೊಡಪಾನದ ತಳಕ್ಕೆ ಬಿತ್ತು. ಆ ಸದ್ದಿಗೆ ನನ್ನ ಪಕ್ಕ ನಿಂತಿದ್ದ ಅಪ್ಪ ಕಣ್ಣು ಮುಚ್ಚಿಕೊಂಡ. ಒಂದು ತುಂಬಿತು, ಇನ್ನೊಂದೂ ತುಂಬಿತು. ಅಮ್ಮ ಒಂದನ್ನು ತಲೆಗೆ ಇಟ್ಟಳು, ಒಂದನ್ನು ಸೊಂಟಕ್ಕೆ ಏರಿಸಿದಳು. ರಾಮಪ್ರಸಾದ ದಾರಿಯಲ್ಲೇ ನಿಂತಿದ್ದ. ಅಮ್ಮ ಅವನ ಬದಿಯಿಂದಲೇ ನಡೆದು ಹೋದಳು. ಅವಳ ಹಿಂದೆ ಮುಂದಿನವಳು ಕೊಡಪಾನ ಇಟ್ಟಳು.

ಈ ಸಲ ಯಾರೂ ಕೈಮುಗಿಯಲಿಲ್ಲ.